ಶೂಟಿಂಗ್ ಮುಗಿದ ದಿನ ಕೈಯಲ್ಲಿ ಅರ್ಧ ದುಡ್ಡು ಇರಲಿ

ಪ್ರಶ್ನೆ: ನಾವು ನಾಲ್ವರು ಗೆಳೆಯರು, ಡೊಂಬಿವಲಿಯವರು. ಇಬ್ಬರಿಗೆ ಸಣ್ಣ ಸಿನಿಮಾಗಳಲ್ಲಿ ಸಹಾಯಕರಾಗಿ ದುಡಿದ ಅನುಭವ ಇದೆ. ಕನ್ನಡದಲ್ಲಿ ಒಂದು ಹಾರರ್ ಥ್ರಿಲ್ಲರ್ ಮಾಡುವ ಆಸೆ. 40 ಲಕ್ಷ ಜೋಡಿಸಿದ್ದೇವೆ. ಗೋವಾದಲ್ಲಿ ಒಂದು ಹಳೇ ಬಂಗಲೆ ನೋಡಿಟ್ಟಿದ್ದೇವೆ. 30 ದಿನ ಶೂಟಿಂಗ್ ಅಂದುಕೊಂಡಿದ್ದೇವೆ. ಮುಗಿದ ಮೇಲೆ ಓಟಿಟಿಗೆ ಮಾರಿದರೆ ಹಾಕಿದ ದುಡ್ಡು ವಾಪಸ್ ಬರುತ್ತದೆ ಅಂತಾರೆ. ಒಬ್ಬನ ಮಾವನಿಗೆ ಕಲ್ಯಾಣ್‌ನಲ್ಲಿ ಉಡುಪಿ ಹೋಟೆಲ್ ಇದೆ, ಊಟದ ಖರ್ಚು ಸ್ವಲ್ಪ ಉಳಿಯಬಹುದು. ಎಲ್ಲಿಂದ ಶುರು ಮಾಡೋದು?

ಉತ್ತರ: ಮೊದಲು ಒಂದು ಲೆಕ್ಕ ಕೇಳುತ್ತೇನೆ. ಗೋವಾದಲ್ಲಿ 30 ದಿನ, ಇಪ್ಪತ್ತೈದು ಜನರ ತಂಡ, ವಸತಿ, ಊಟ, ಓಡಾಟ, ಕ್ಯಾಮೆರಾ ಮತ್ತು ಲೈಟಿನ ಬಾಡಿಗೆ. ಎಲ್ಲ ಮುಗಿಸಿ ಮುಂಬೈಗೆ ಬಂದು ಇಳಿಯುವಾಗ ನಿಮ್ಮ 40 ಲಕ್ಷದಲ್ಲಿ ಎಷ್ಟು ಉಳಿದಿರುತ್ತದೆ? ನನ್ನ ಅಂದಾಜಿನಲ್ಲಿ ಏನೂ ಇಲ್ಲ. ಆಗ ನಿಮ್ಮ ಹತ್ತಿರ ಇರುವುದು ಸಿನಿಮಾ ಅಲ್ಲ, ಎರಡು ಹಾರ್ಡ್ ಡಿಸ್ಕ್ ಅಷ್ಟೇ.

ನಾನು ಅಂಧೇರಿಯಲ್ಲಿ ಸೌಂಡ್ ಎಡಿಟಿಂಗ್ ಕೆಲಸ ಮಾಡುತ್ತಾ 22 ವರ್ಷ ಆಯಿತು. ನನ್ನ ಸ್ಟುಡಿಯೊದ ಕಪಾಟಿನಲ್ಲಿ ಇವತ್ತಿಗೂ ಅಂಥ ಒಂದು ಡಿಸ್ಕ್ ಇದೆ. ಕನ್ನಡದ್ದೇ ಥ್ರಿಲ್ಲರ್. ಹುಡುಗರು ಚೆನ್ನಾಗಿ ಶೂಟ್ ಮಾಡಿದ್ದರು. ನಾಯಕಿ ಮೆಟ್ಟಿಲು ಹತ್ತುವ ದೃಶ್ಯ ನೋಡಿ ನನಗೇ ಮೈ ಜುಂ ಅಂದಿತ್ತು. ಅರ್ಧ ಸೌಂಡ್ ಕೆಲಸ ಆಗುವಷ್ಟರಲ್ಲಿ ದುಡ್ಡು ಮುಗಿಯಿತು. ‘ಎರಡು ತಿಂಗಳಲ್ಲಿ ಬರ್ತೀವಿ ಸಾರ್’ ಅಂದು ಹೋದರು. ಆಮೇಲೆ ಒಬ್ಬನಿಗೆ ಮದುವೆ ಆಯಿತು, ಇನ್ನೊಬ್ಬ ದುಬೈಗೆ ಹೋದ. ಡಿಸ್ಕಿನ ಮೇಲೆ ಅವರು ಸ್ಕೆಚ್ ಪೆನ್ನಿನಲ್ಲಿ ಬರೆದ ಸಿನಿಮಾದ ಹೆಸರು ಈಗ ಅರ್ಧ ಅಳಿಸಿದೆ. ಅದನ್ನು ನೋಡಿದಾಗೆಲ್ಲ ನನಗೆ ನೋವಾಗುತ್ತದೆ. ಹಾಗಾಗಿ ನಿಮಗೆ ಹೇಳುವುದು ಮುಖ್ಯವಾಗಿ ಒಂದೇ ಮಾತು: ಶೂಟಿಂಗ್ ಮುಗಿದ ದಿನ ನಿಮ್ಮ ಕೈಯಲ್ಲಿ ಅರ್ಧ ದುಡ್ಡು ಉಳಿದಿರಬೇಕು. ಮಿಕ್ಕ ಎಲ್ಲ ಲೆಕ್ಕವನ್ನೂ ಅಲ್ಲಿಂದ ಹಿಂದಕ್ಕೆ ಹಾಕಿ.

ನಾನಾದರೆ ಹೀಗೆ ಹಂಚುತ್ತೇನೆ. ಕಥೆ, ತಾಲೀಮು, ನಟರು, ಶೂಟಿಂಗ್ ಎಲ್ಲ ಸೇರಿ 18 ಲಕ್ಷ. ಎಡಿಟಿಂಗ್, ಸೌಂಡ್, ಸಂಗೀತ, ಕಲರ್ ಗ್ರೇಡಿಂಗ್‌ಗೆ (ಚಿತ್ರದ ಬಣ್ಣ ತಿದ್ದುವ ಕೆಲಸ) 8. ಬಿಡುಗಡೆಗೆ 10. ಉಳಿದ 4 ಲಕ್ಷ ಮುಟ್ಟಬಾರದ ದುಡ್ಡು. ಮುಟ್ಟುವ ದಿನ ಬಂದೇ ಬರುತ್ತದೆ, ಆದರೆ ಅದಕ್ಕೆ ನಾಲ್ವರೂ ಒಪ್ಪಿ ಸಹಿ ಹಾಕಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. 18 ಲಕ್ಷದಲ್ಲಿ 30 ದಿನ ಆಗುವುದಿಲ್ಲ. ದಿನಕ್ಕೆ 80 ಸಾವಿರದಂತೆ 16 ದಿನಕ್ಕೇ 12 ಲಕ್ಷ 80 ಸಾವಿರ ಆಯಿತು. ಮಿಕ್ಕದ್ದು ನಟರಿಗೆ, ತಾಲೀಮಿಗೆ, ಸೆಟ್ಟಿನ ಸಾಮಾನಿಗೆ. 16 ದಿನ ಅಂದರೆ ಕಡಿಮೆ ಅನಿಸಬಹುದು. ಒಂದೇ ಜಾಗದಲ್ಲಿ, ನಾಲ್ಕೈದು ಪಾತ್ರ ಇಟ್ಟುಕೊಂಡು, ತಾಲೀಮು ಮುಗಿಸಿಕೊಂಡು ಹೋದರೆ ಸಾಕಾಗುತ್ತದೆ.

ಈ ದಾರಿಯಲ್ಲಿ ನಡೆದವರು ನಮ್ಮ ಹತ್ತಿರದಲ್ಲೇ ಇದ್ದಾರೆ. ಹಿಂದಿಯಲ್ಲಿ ಹಾರರ್ ಸಿನಿಮಾ ಮಾಡುತ್ತಿದ್ದ ರಾಮ್ಸೆ ಸಹೋದರರು 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಮಾಡಿದ್ದು ಹಾಗೆಯೇ. ಮನೆಯವರೆಲ್ಲ ಮಹಾಬಳೇಶ್ವರಕ್ಕೆ ಹೋಗಿ ಗೆಸ್ಟ್ ಹೌಸಿನಲ್ಲಿ ಇಳಿದುಕೊಂಡರು. ಅಣ್ಣ ತಮ್ಮಂದಿರು ಏಳು ಜನ. ಕುಮಾರ್ ಕಥೆ, ಗಂಗು ಕ್ಯಾಮೆರಾ, ಕಿರಣ್ ಸೌಂಡ್, ಅರ್ಜುನ್ ಎಡಿಟಿಂಗ್, ತುಳಸಿ ಮತ್ತು ಶ್ಯಾಮ್ ನಿರ್ದೇಶನ. ಹೊರಗಿನವರಿಗೆ ಕೊಡಬೇಕಾದ ಸಂಬಳವೇ ಉಳಿಯಿತು. ನೀವು ನಾಲ್ವರಿದ್ದೀರಿ. ಯಾರು ಯಾವ ಕೆಲಸ ನಿಜವಾಗಿ ಕಲಿಯುತ್ತೀರಿ ಅಂತ ಈಗಲೇ ಹಂಚಿಕೊಳ್ಳಿ. ನಾಲ್ವರೂ ‘ನಿರ್ಮಾಪಕ’ ಅಂತ ಕುಳಿತರೆ ಆ ದುಡ್ಡು ಉಳಿಯುವುದಿಲ್ಲ.

1999ರ ಹಿಂದಿ ಸಿನಿಮಾ ‘ಕೌನ್’ ನೋಡಿ. ಮಳೆಯ ರಾತ್ರಿ, ಒಂದು ಮನೆ, ಮುಖ್ಯವಾಗಿ ಮೂರೇ ಜನ. ಅಮೆರಿಕದ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನು ಅದರ ನಿರ್ದೇಶಕ 2006ರಲ್ಲಿ ತನ್ನ ಸ್ವಂತ ಮನೆಯಲ್ಲೇ ಶೂಟ್ ಮಾಡಿದ. ಒಂದು ವಾರ, ಸುಮಾರು 15 ಸಾವಿರ ಡಾಲರ್. ಇಷ್ಟು ಎಲ್ಲರೂ ಹೇಳುತ್ತಾರೆ. ಅದು ಚಿತ್ರಮಂದಿರಕ್ಕೆ ಬಂದದ್ದು 2009ರಲ್ಲಿ ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಒಂದು ವಾರದ ಶೂಟಿಂಗ್, ಆಮೇಲೆ ಸುಮಾರು ಮೂರು ವರ್ಷ. ಅಷ್ಟರಲ್ಲಿ ಅದರ ಕೊನೆಯ ದೃಶ್ಯವೂ ಬದಲಾಯಿತು. ನೀವು ದುಡ್ಡು ಎತ್ತಿಡಬೇಕಾದ್ದು ಆ ‘ಆಮೇಲೆ’ಗೆ.

ಈಗ ಗೋವಾದ ಬಂಗಲೆ ವಿಷಯ. ಗೋವಾದಲ್ಲಿ ಶೂಟಿಂಗ್ ಅನುಮತಿಗೆ ಪಣಜಿಯ ಎಂಟರ್‌ಟೈನ್‌ಮೆಂಟ್ ಸೊಸೈಟಿ ಆಫ್ ಗೋವಾ ಇದೆ, ಅಲ್ಲಿ ಕೆಲಸ ಆಗುತ್ತದೆ. ಕಷ್ಟ ಇರುವುದು ಮನೆಯಲ್ಲೇ. ಅಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಇನ್ನೂ ಇದೆ. ಆಸ್ತಿ ಎಲ್ಲ ಮಕ್ಕಳಿಗೂ ಹೋಗುತ್ತದೆ. ಹಾಗಾಗಿ ಒಂದು ಹಳೇ ಮನೆಗೆ ಹತ್ತು ಹದಿನೈದು ಜನ ಹಕ್ಕುದಾರರು ಇರುವುದು ಅಲ್ಲಿ ಮಾಮೂಲು. ಒಂದು ಸಿನಿಮಾದ ತಂಡದ ಜೊತೆ ನಾನು ಅಲ್ಲಿಗೆ ಹೋದಾಗ ನಮಗೆ ಇದು ಗೊತ್ತಿರಲಿಲ್ಲ. ದಕ್ಷಿಣ ಗೋವಾದ ಒಂದು ಹಳ್ಳಿಯಲ್ಲಿ ಮನೆ ನೋಡಿಕೊಳ್ಳುತ್ತಿದ್ದ ಹಿರಿಯರ ಜೊತೆ ಮಾತಾಡಿ, ಮುಂಗಡ ಕೊಟ್ಟು ಶುರು ಮಾಡಿದ್ದೆವು. ಮೂರನೇ ದಿನ ಮಧ್ಯಾಹ್ನ ಅವರ ತಂಗಿಯ ಮಗ ಬಂದು ಬಾಗಿಲಲ್ಲಿ ನಿಂತರು. ಜೋರು ಮಾಡಲಿಲ್ಲ. ‘ಈ ಮನೆಯಲ್ಲಿ ನನ್ನ ಅಮ್ಮನ ಪಾಲೂ ಇದೆ, ನಮ್ಮನ್ನು ಯಾರೂ ಕೇಳಲಿಲ್ಲ’ ಅಂದರು. ಅವರು ಹೇಳಿದ್ದು ಸರಿಯೇ ಇತ್ತು. ಒಂದೂವರೆ ದಿನ ಕೆಲಸ ನಿಂತಿತು. ಹೋಟೆಲ್, ಕ್ಯಾಮೆರಾ, ಜನರೇಟರ್, ಎಲ್ಲದರ ಬಾಡಿಗೆ ಓಡುತ್ತಲೇ ಇತ್ತು. ಗೋವಾದಲ್ಲೇ ಮಾಡುತ್ತೀರಿ ಅಂದರೆ ಎಲ್ಲ ಹಕ್ಕುದಾರರ ಒಪ್ಪಿಗೆ, ಇಲ್ಲವೇ ಅವರೆಲ್ಲರ ಪರವಾಗಿ ಸಹಿ ಹಾಕುವ ಅಧಿಕಾರ ಇರುವವರ ಕಾಗದ ಕೇಳಿ ಪಡೆಯಿರಿ. ದಾಬೋಳಿ ಸುತ್ತ ಡ್ರೋನ್ ಹಾರಿಸುವ ಯೋಚನೆ ಬಿಡಿ. ಅದು ನೌಕಾಪಡೆಯ ವಿಮಾನ ನಿಲ್ದಾಣ.

ಆದರೆ ನನ್ನನ್ನು ಕೇಳಿದರೆ ನೀವು ಗೋವಾಕ್ಕೆ ಹೋಗುವುದೇ ಬೇಡ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ಊಟದ ಖರ್ಚಿನ ಜೊತೆ, ನಿಮ್ಮ ಜಾಗ ತಾನಾಗಿ ಬಂದು ಕೂತಿದೆ. ಆ ಹೋಟೆಲ್.

ಸ್ವಲ್ಪ ಕಣ್ಣು ಮುಚ್ಚಿ ಯೋಚನೆ ಮಾಡಿ. ರಾತ್ರಿ ಹನ್ನೊಂದೂವರೆ. ಶಟರ್ ಇಳಿದಿದೆ. ಟೇಬಲ್ ಮೇಲೆ ಕುರ್ಚಿ ತಲೆಕೆಳಗಾಗಿವೆ. ನೆಲ ಒರೆಸಿದ ನೀರು ಇನ್ನೂ ಒಣಗಿಲ್ಲ. ದೋಸೆ ಕಾವಲಿ ಆರುತ್ತಿದೆ. ಆರುವಾಗ ಆ ದಪ್ಪ ಕಬ್ಬಿಣ ‘ಟಕ್’ ಅನ್ನುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ‘ಟಕ್’. ಗಲ್ಲಾದ ಹಿಂದೆ ದೇವರ ಫೋಟೊಗೆ ಹಾಕಿದ ಕೆಂಪು ಬಲ್ಬು ಒಂದೇ ಉರಿಯುತ್ತಿದೆ. ಎರಡು ಟೇಬಲ್ ಸೇರಿಸಿ ಒಬ್ಬ ಹುಡುಗ ಮಲಗಿದ್ದಾನೆ. ಹೊರಗೆ ಯಾರೋ ಶಟರಿಗೆ ಬೆರಳಿನಿಂದ ಮೆಲ್ಲಗೆ ಬಡಿಯುತ್ತಾರೆ. ಹುಡುಗನ ಹೆಸರು ಹಿಡಿದು ಕರೆಯುತ್ತಾರೆ. ಅವನ ಊರಿನ ಹೆಸರು, ಮುಂಬೈನಲ್ಲಿ ಯಾರಿಗೂ ಗೊತ್ತಿಲ್ಲದ ಮನೆಯ ಹೆಸರು.

ನಮ್ಮ ಅಪ್ಪ, ದೊಡ್ಡಪ್ಪಂದಿರ ತಲೆಮಾರಿನ ಎಷ್ಟೋ ಜನ ಹೀಗೆ ಮಲಗಿ ಎದ್ದವರು. ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ, ವಾಪಸ್ ಬಂದು ಅದೇ ಟೇಬಲ್ ಮೇಲೆ ಮಲಗಿದವರು. ಅವರ ಭಯ ಏನಿತ್ತು? ಊರಿನಲ್ಲಿ ಬಿಟ್ಟುಬಂದ ಅಮ್ಮ, ತಡವಾಗಿ ಬರುವ ಟೆಲಿಗ್ರಾಂ, ತುಳುನಾಡಿನವರಾದರೆ ಊರಿನಿಂದ ಹಿಂದೆಯೇ ಬಂದಿರಬಹುದಾದ ಕುಲೆ, ಅಂದರೆ ಸತ್ತವರ ಪ್ರೇತ. ಬಂಗಲೆಯಲ್ಲಿ ಬಿಳಿ ಸೀರೆ ಉಟ್ಟವಳನ್ನು ಸಾವಿರ ಸಲ ನೋಡಿ ಆಗಿದೆ. ಮುಚ್ಚಿದ ಉಡುಪಿ ಹೋಟೆಲಿನ ಒಳಗೆ ಕನ್ನಡದ ಪ್ರೇಕ್ಷಕ ರಾತ್ರಿ ಕಳೆದಿಲ್ಲ. 2003ರಲ್ಲಿ ಹಿಂದಿಯ ‘ಭೂತ್’ ಹಾಡಿಲ್ಲದೆ ಬಂದು ಹೆದರಿಸಿದ್ದು ಮುಂಬೈನ ಒಂದು ಮಾಮೂಲಿ ಫ್ಲ್ಯಾಟಿನೊಳಗೆ. ಎತ್ತರದ ಕಟ್ಟಡ, ಲಿಫ್ಟ್, ವಾಚ್‌ಮನ್, ದಿನಾ ನೋಡುವ ಸಾಮಾನೇ. ಸಿನಿಮಾ ಮುಗಿದ ಮೇಲೆ ಜನ ಹೋಗಬೇಕಾಗಿದ್ದು ಅಂಥದೇ ಫ್ಲ್ಯಾಟಿಗೆ, ಅಲ್ವಾ?

ಆ ಸಿನಿಮಾ ಬಂದಾಗ ಎಲ್ಲರೂ ಮಾತಾಡಿದ್ದು ಅದರ ಶಬ್ದದ ಬಗ್ಗೆ. ನನ್ನ ಕೆಲಸ ಅದೇ ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಸಣ್ಣ ಬಜೆಟ್ಟಿನಲ್ಲಿ ದೆವ್ವ ತೋರಿಸಲು ಹೋದರೆ ದುಡ್ಡಿನ ಕೊರತೆ ತೆರೆಯ ಮೇಲೆ ಕಾಣುತ್ತದೆ. ಕೇಳಿಸಿದರೆ ಕೊರತೆ ಕಾಣುವುದಿಲ್ಲ. ಒಳ್ಳೆಯ ಗ್ರಾಫಿಕ್ಸ್‌ನ ಒಂದು ನಿಮಿಷಕ್ಕೆ ಆಗುವ ಖರ್ಚಿನಲ್ಲಿ ಒಬ್ಬ ಒಳ್ಳೆಯ ಸೌಂಡ್ ರೆಕಾರ್ಡಿಸ್ಟ್ ನಿಮ್ಮ ಜೊತೆ ಇಡೀ ಶೂಟಿಂಗ್ ಇರುತ್ತಾನೆ. ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಸೌಂಡ್ ಕಲಿತು ಬಂದ ಹುಡುಗ ಹುಡುಗಿಯರು ಮುಂಬೈನಲ್ಲಿ ಬೇಕಾದಷ್ಟು ಇದ್ದಾರೆ. ಮೊದಲು ಅವರಲ್ಲಿ ಒಬ್ಬರನ್ನು ಹಿಡಿಯಿರಿ. ಕ್ಯಾಮೆರಾಮನ್ ಆಮೇಲೆ. ಇದನ್ನು ಕೇಳಿ ಕ್ಯಾಮೆರಾ ಗೆಳೆಯರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆದರೂ ಹೇಳುತ್ತೇನೆ.

ಲೊಕೇಶನ್ ನೋಡಲು ಹೋದಾಗ ಸೌಂಡ್‌ನವರನ್ನೂ ಕರೆದುಕೊಂಡು ಹೋಗಿ. ಕಲ್ಯಾಣ್ ಅಂದರೆ ರೈಲು. ಕೊನೆಯ ಲೋಕಲ್ ಹೋದ ಮೇಲೂ ಗೂಡ್ಸ್ ಗಾಡಿ, ದೂರದ ಎಕ್ಸ್‌ಪ್ರೆಸ್ ಓಡುತ್ತಲೇ ಇರುತ್ತವೆ. ಆ ಸದ್ದನ್ನು ತಡೆಯಲು ಆಗುವುದಿಲ್ಲ, ಕಥೆಯೊಳಗೆ ತನ್ನಿ. ಗಾಡಿ ಹೋಗುವಾಗ ಸ್ಟೀಲ್ ಲೋಟಗಳು ಸಣ್ಣಗೆ ನಡುಗಲಿ. ಮೂರನೇ ಸಲ ಗಾಡಿಯೇ ಇಲ್ಲದೆ ಲೋಟ ನಡುಗಲಿ. ಇದಕ್ಕೆ ಖರ್ಚು ಏನೂ ಇಲ್ಲ.

ಪ್ರತಿ ಜಾಗದಲ್ಲೂ, ಯಾರೂ ಅಲುಗಾಡದೆ, ಒಂದು ನಿಮಿಷ ಖಾಲಿ ಶಬ್ದ ರೆಕಾರ್ಡ್ ಮಾಡಿ. ಇದನ್ನು ನಾವು ರೂಮ್ ಟೋನ್ ಅಂತೀವಿ. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರಿಗೂ ನಿದ್ದೆ, ‘ಬಿಡಿ ಸಾರ್, ಸ್ಟುಡಿಯೊದಲ್ಲಿ ನೋಡ್ಕೊಳ್ಳೋಣ’ ಅಂತಾರೆ. ಬಿಡಬೇಡಿ. ಹಾರರ್‌ನಲ್ಲಿ ಮೌನ ಅಂದರೆ ಶಬ್ದ ಇಲ್ಲದೇ ಇರುವುದಲ್ಲ, ಆ ಜಾಗದ ಉಸಿರು. ಅದನ್ನು ಮೆಲ್ಲಗೆ ತೆಗೆದಾಗ ಪ್ರೇಕ್ಷಕನ ಬೆನ್ನು ನೆಟ್ಟಗಾಗುತ್ತದೆ. ಯಾಕೆ ಅಂತ ಅವನಿಗೆ ಗೊತ್ತಾಗುವುದಿಲ್ಲ. ತೆಗೆಯಬೇಕಾದರೆ ಮೊದಲು ಅದು ನಮ್ಮ ಹತ್ತಿರ ಇರಬೇಕು. ಹೋಟೆಲಿನ ಎಲ್ಲ ಸದ್ದನ್ನೂ ಬೇರೆ ಬೇರೆಯಾಗಿ ಹಿಡಿದಿಡಿ: ಶಟರ್, ಗ್ರೈಂಡರ್, ನಲ್ಲಿ ಹನಿ, ಫಿಲ್ಟರ್ ಕಾಫಿಯ ಮುಚ್ಚಳ. ಎಡಿಟಿಂಗ್ ಟೇಬಲ್ಲಿನಲ್ಲಿ ಇವೇ ನಿಮ್ಮ ಆಸ್ತಿ.

ಮಳೆಗಾಲದಲ್ಲಿ ಶೂಟಿಂಗ್ ಇಟ್ಟುಕೊಳ್ಳಬೇಡಿ. ತೆರೆಯ ಮೇಲೆ ಮಳೆ ಚಂದ, ಮೈಕಿನಲ್ಲಿ ಅದು ಬರೀ ಗಲಾಟೆ. ತಗಡಿನ ಮೇಲೆ ಬಿದ್ದ ಮಳೆಯ ಕೆಳಗೆ ಆಡಿದ ಮಾತು ಒಂದೂ ಉಳಿಯುವುದಿಲ್ಲ. ಎಲ್ಲವನ್ನೂ ಡಬ್ಬಿಂಗ್ ಮಾಡಬೇಕಾಗುತ್ತದೆ. ಹೆದರಿದವರ ಉಸಿರನ್ನು ಸ್ಟುಡಿಯೊದಲ್ಲಿ ಎರಡನೇ ಸಲ ತರುವುದು ದೊಡ್ಡ ನಟರಿಗೂ ಕಷ್ಟ.

ಕತ್ತಲೆಯ ಬಗ್ಗೆ ಒಂದು ಎಚ್ಚರಿಕೆ. ಈಗಿನ ಸಣ್ಣ ಕ್ಯಾಮೆರಾಗಳು ಮೊಂಬತ್ತಿ ಬೆಳಕಿನಲ್ಲೂ ಚಿತ್ರ ಕೊಡುತ್ತವೆ. ಸೋನಿ ಎಫ್‌ಎಕ್ಸ್3ಯಲ್ಲಿ ಬೆಳಕು ಹಿಡಿಯುವ ಶಕ್ತಿಯನ್ನು 12,800 ಐಎಸ್‌ಒ ತನಕ ಏರಿಸಿದರೂ ಚಿತ್ರ ಕೆಡುವುದಿಲ್ಲ. ಹಾಗಂತ ಲೈಟೇ ಹಾಕದೆ ಶೂಟ್ ಮಾಡಬೇಡಿ. ನೀವು ಬಣ್ಣ ತಿದ್ದುವ ಮಾನಿಟರ್ 100 ನಿಟ್ಸ್ ಬೆಳಕಿನದು (ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ). ಚಿತ್ರಮಂದಿರದ ಪರದೆ ನಿಯಮದ ಪ್ರಕಾರವೇ 48 ನಿಟ್ಸ್. ಪ್ರೊಜೆಕ್ಟರಿನ ದೀಪ ಹಳೆಯದಾಗಿದ್ದರೆ ಅಷ್ಟೂ ಇರುವುದಿಲ್ಲ. ಮಾನಿಟರಿನಲ್ಲಿ ಮೂಲೆಯಲ್ಲಿ ನಿಂತಿದ್ದ ನೆರಳು ಪರದೆಯ ಮೇಲೆ ಮಾಯವಾಗಿ, ಜನ ಏನೂ ಕಾಣದೆ ಮೊಬೈಲ್ ತೆಗೆಯುತ್ತಾರೆ. ಮುಖದ ಒಂದು ಬದಿಗಾದರೂ, ಹಿಂದಿನ ಗೋಡೆಗಾದರೂ ಸ್ವಲ್ಪ ಬೆಳಕು ಕೊಡಿ. ಅಂತಿಮ ಪ್ರತಿಗೆ ಮುಂಚೆ ಒಂದು ಪ್ರಿವ್ಯೂ ಥಿಯೇಟರನ್ನು ಎರಡು ಗಂಟೆ ಬಾಡಿಗೆಗೆ ತೆಗೆದುಕೊಂಡು ನೋಡಿ.

ಕಾಗದಪತ್ರದ ಕೆಲಸ ಯಾರಿಗೂ ಇಷ್ಟ ಇಲ್ಲ. ಆದರೆ ಸಿನಿಮಾ ಕೊಳ್ಳುವವರು ಮೊದಲು ಕೇಳುವುದು ಅದನ್ನೇ. ಕಥೆಯನ್ನು ಅಂಧೇರಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಶನ್‌ನಲ್ಲಿ ನೋಂದಾಯಿಸಿ, ಆನ್‌ಲೈನಿನಲ್ಲೇ ಆಗುತ್ತದೆ. ಬರೆದವನು ಗೆಳೆಯನೇ ಆದರೂ ಹಕ್ಕು ವರ್ಗಾವಣೆ ಕಾಗದದ ಮೇಲೆ ಇರಲಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಒಂದು ಸಂಗತಿ ಇದೆ: ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಬರೀ 5 ವರ್ಷ ಅಂತ ಲೆಕ್ಕ, ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಗಲ್ಫ್ ಕನ್ನಡಿಗರಿಗೆ ತೋರಿಸುವ ಆಸೆ ಇದ್ದರೆ ಆ ಒಂದು ಸಾಲು ಮರೆಯಬೇಡಿ. ಸಂಗೀತ, ನಟರು, ಜಾಗ, ಎಲ್ಲದಕ್ಕೂ ಸಹಿ ಬೇಕು.

ಚಿತ್ರಮಂದಿರಕ್ಕೆ ಹೋಗಲು ಸೆನ್ಸಾರ್ ಪ್ರಮಾಣಪತ್ರ ಬೇಕೇ ಬೇಕು. ಅರ್ಜಿ ಇ-ಸಿನೆಪ್ರಮಾಣ್ ತಾಣದಲ್ಲಿ. ಕನ್ನಡ ಚಿತ್ರಗಳು ಸಾಮಾನ್ಯವಾಗಿ ಬೆಂಗಳೂರು ಕಚೇರಿಯಲ್ಲಿ ನೋಡಲ್ಪಡುತ್ತವೆ. 2024ರ ಹೊಸ ನಿಯಮದಲ್ಲಿ ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ಯುಎ ವರ್ಗ ಮೂರು ಭಾಗ ಆಗಿದೆ: 7+, 13+, 16+. ನೀವು 16+ ಗುರಿ ಇಟ್ಟುಕೊಂಡು ಬರೆಯಿರಿ. ‘ಎ’ (ವಯಸ್ಕರಿಗೆ ಮಾತ್ರ) ಬಂದರೆ ಕುಟುಂಬದವರು ಬರುವುದಿಲ್ಲ, ಟಿವಿಗೂ ಹಾಗೆಯೇ ಕೊಡಲು ಆಗುವುದಿಲ್ಲ. ಕಪ್ಪು ಬೆಕ್ಕಿನ ದೃಶ್ಯ ಬರೆದಿದ್ದರೆ ಶೂಟಿಂಗಿಗೆ ಮುಂಚೆಯೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ತೆಗೆದುಕೊಳ್ಳಬೇಕು. ನಾನಾದರೆ ಬೆಕ್ಕನ್ನು ತೋರಿಸದೆ ಬರೀ ಕೇಳಿಸುತ್ತೇನೆ.

ಓಟಿಟಿಗೆ ಮಾರಿದರೆ ದುಡ್ಡು ಬಂದುಬಿಡುತ್ತದೆ ಅಂದವರು ಯಾರೋ ಗೊತ್ತಿಲ್ಲ, ಅವರ ಮಾತಿನ ಮೇಲೆ ಮಾತ್ರ ನಿಮ್ಮ 40 ಲಕ್ಷ ಇಡಬೇಡಿ. ಹೊಸಬರ ಕನ್ನಡ ಚಿತ್ರವನ್ನು ಮುಂಗಡ ಕೊಟ್ಟು ಕೊಳ್ಳುವವರು ಈಗ ತೀರ ಕಡಿಮೆ. ನೋಡಿದಷ್ಟಕ್ಕೆ ಪಾಲು ಕೊಡುತ್ತೇವೆ ಅನ್ನುವವರೇ ಜಾಸ್ತಿ. ಚಿತ್ರಮಂದಿರದಲ್ಲಿ ಸ್ವಲ್ಪವಾದರೂ ಹೆಸರು ಮಾಡಿದ ಚಿತ್ರಕ್ಕೆ ಅಲ್ಲೂ ಬೆಲೆ.

ಚಿತ್ರಮಂದಿರದ ಲೆಕ್ಕವನ್ನೂ ನೋಡೋಣ. ಟಿಕೆಟ್ 200 ರೂಪಾಯಿ ಇಟ್ಟುಕೊಳ್ಳಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 36, ನೋಡುವವರು ಕೊಡುವುದು 236. ಆ 200ರಲ್ಲಿ ನಮ್ಮ ಕಡೆಯ ಪಾಲು ಮೊದಲ ವಾರ ಅರ್ಧ. 2009ರಲ್ಲಿ ಹಿಂದಿ ನಿರ್ಮಾಪಕರು ಮಲ್ಟಿಪ್ಲೆಕ್ಸ್‌ನವರ ಜೊತೆ ಜಗಳ ಆಡಿ ಮಾಡಿಕೊಂಡ ಒಪ್ಪಂದ ಅದು: ಮೊದಲ ವಾರ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಸರಿ, 100 ಬಂತು. ವಿತರಕರ ಕಮಿಷನ್ 15 ಅಂದುಕೊಂಡರೆ ಕೈಗೆ 85. ಹಾಕಿದ 40 ಲಕ್ಷ ಬರಬೇಕಾದರೆ ಸುಮಾರು 47 ಸಾವಿರ ಟಿಕೆಟ್ ಮಾರಬೇಕು. ಇದರ ಜೊತೆ ಪ್ರತಿ ಪರದೆಗೂ ಡಿಜಿಟಲ್ ಪ್ರದರ್ಶನದ ಶುಲ್ಕ ಬೇರೆ ಇದೆ, ವಿಪಿಎಫ್ ಅಂತಾರೆ. ಜನ ಬರಲಿ ಬಿಡಲಿ, ಅದನ್ನು ಕಟ್ಟಲೇಬೇಕು. ಅದಕ್ಕೇ ಮೊದಲ ದಿನವೇ ಎಂಬತ್ತು ಪರದೆ ಅಂತ ಪೋಸ್ಟರ್ ಹಾಕುವ ಹುಚ್ಚು ಬೇಡ.

ಐದು ಪರದೆಯಿಂದ ಶುರು ಮಾಡಿ. ಡೊಂಬಿವಲಿ, ಥಾಣೆ, ಕುರ್ಲಾ, ಮೀರಾ ರೋಡ್, ಪುಣೆಯಲ್ಲಿ ಒಂದು. ಶನಿವಾರ ಭಾನುವಾರದ ಆಟ ಮಾತ್ರ ಕೇಳಿ. ಹೋಟೆಲ್ ಹುಡುಗನ ಕಥೆ ಅಂದರೆ ಅದೇ ಬದುಕು ಬದುಕಿದವರು ಮುಂಬೈನಲ್ಲಿ ಇನ್ನೂ ಇದ್ದಾರೆ, ಅವರ ಮಕ್ಕಳೂ ಮೊಮ್ಮಕ್ಕಳೂ ಇದ್ದಾರೆ. ಅವರನ್ನು ಹುಡುಕಲು ಜಾಹೀರಾತು ಬೇಡ. ಕನ್ನಡ ಸಂಘಗಳಿವೆ, ಮಾಟುಂಗಾದ ಮೈಸೂರು ಅಸೋಸಿಯೇಶನ್ ಇದೆ, ಹೋಟೆಲ್ ಮಾಲೀಕರ ಬಳಗ ಇದೆ. ಕಥೆ ಬರೆಯುವಾಗಲೇ ಅವರ ಹತ್ತಿರ ಹೋಗಿ ಕುಳಿತುಕೊಳ್ಳಿ. ರಾತ್ರಿ ಶಾಲೆಯ ನೆನಪು ಕೇಳಿ, ಬರೆದುಕೊಳ್ಳಿ. ಅವರ ಮಾತು ತೆರೆಯ ಮೇಲೆ ಬಂದರೆ ಟಿಕೆಟ್ ಅವರೇ ಮಾರಿಕೊಡುತ್ತಾರೆ. 2013ರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಜನ ಮೊದಲೇ ದುಡ್ಡು ಹಾಕಿದ್ದರು. ದುಡ್ಡು ಬಂದದ್ದು ಒಂದು ಲಾಭ, ಅಷ್ಟು ಮನೆಗಳಲ್ಲಿ ಅದು ‘ನಮ್ಮ ಸಿನಿಮಾ’ ಆದದ್ದು ಇನ್ನೊಂದು.

ಆಮೇಲೆ ಮಂಗಳೂರು, ಉಡುಪಿ. ಇಲ್ಲಿ ಮುಂಬೈನಲ್ಲಿ ನೋಡಿದವರು ಊರಿಗೆ ಫೋನ್ ಮಾಡಿರುತ್ತಾರೆ. 2025ರಲ್ಲಿ ‘ಸು ಫ್ರಮ್ ಸೋ’ ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರದರ್ಶನ ಮಾಡಿತು. ಬಾಯಿ ಮಾತು ಹೇಗೆ ಓಡಿತು ಅಂತ ನೀವೇ ನೋಡಿದ್ದೀರಿ. ಅಷ್ಟು ದೊಡ್ಡ ಗೆಲುವು ಪ್ರತಿ ವರ್ಷ ಆಗುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆದರೆ ಆ ಕ್ರಮ ಮಾತ್ರ ಕಲಿಯುವಂಥದ್ದು.

ಗೋವಾಕ್ಕೆ ಹೋಗುವ ಆಸೆಯನ್ನು ನವೆಂಬರಿಗೆ ಇಟ್ಟುಕೊಳ್ಳಿ. ಚಿತ್ರೋತ್ಸವದ ಹೊತ್ತಿಗೆ ಸರ್ಕಾರದ ಚಲನಚಿತ್ರ ನಿಗಮ ಎನ್‌ಎಫ್‌ಡಿಸಿಯವರ ಫಿಲ್ಮ್ ಬಜಾರ್ (ಈಗ ವೇವ್ಸ್ ಫಿಲ್ಮ್ ಬಜಾರ್ ಅಂತಾರೆ) ಅಲ್ಲೇ ನಡೆಯುತ್ತದೆ, 2007ರಿಂದ ಇದೆ. ಅಲ್ಲಿ ವ್ಯೂಯಿಂಗ್ ರೂಮ್ ಅಂತ ಇರುತ್ತದೆ, ಸಿನಿಮಾ ಕೊಳ್ಳುವವರು ಬಂದು ಕೂತು ನೋಡುತ್ತಾರೆ. ಮುಗಿದ ಚಿತ್ರ ಹಿಡಿದುಕೊಂಡು ಇಬ್ಬರು ಹೋಗಿ. ಆ ಖರ್ಚು ಬಂಗಲೆಯ ಎರಡು ದಿನದ ಬಾಡಿಗೆಗಿಂತ ಜಾಸ್ತಿ ಆಗಲಾರದು.

ಈ ವಾರ ಮಾಡಬೇಕಾದ್ದು ಮಾವನ ಹತ್ತಿರ ಮಾತು. ಶಟರ್ ಇಳಿಯುವುದು ಹನ್ನೊಂದೂವರೆಗೆ, ಹಾಲಿನ ಗಾಡಿ ಬರುವುದು ಐದಕ್ಕೆ ಅಂದರೆ ನಿಮಗೆ ರಾತ್ರಿಗೆ ಐದೂವರೆ ಗಂಟೆಯೂ ಸಿಗುವುದಿಲ್ಲ. ಅಷ್ಟರಲ್ಲಿ 16 ದಿನದ ಕೆಲಸ ಆಗದು. ವರ್ಷದಲ್ಲಿ ಯಾವಾಗಲಾದರೂ ಬಣ್ಣ ಹೊಡೆಯಲು, ರಿಪೇರಿಗೆ ಹೋಟೆಲ್ ಮುಚ್ಚುತ್ತಾರಾ ಕೇಳಿ. ಹತ್ತು ದಿನ ಸಿಕ್ಕಿದರೆ ಉಳಿದದ್ದು ರಾತ್ರಿಗಳಲ್ಲಿ ಮುಗಿಯುತ್ತದೆ. ಅವರಿಗೆ ಬಾಡಿಗೆ ಕೊಡಿ, ಕಡಿಮೆಯಾದರೂ ಕೊಡಿ, ಕಾಗದ ಮಾಡಿ. ಮತ್ತೆ ಒಂದು ಮಾತು. ಫ್ರಿಜ್ಜಿನ ಸದ್ದು ಮೈಕಿಗೆ ಬರುತ್ತದೆ, ಟೇಕ್ ಮಾಡುವಾಗ ಆಫ್ ಮಾಡಲೇಬೇಕು. ಮರೆತರೆ ಬೆಳಿಗ್ಗೆ ಹಿಟ್ಟು, ಹಾಲು ಎಲ್ಲ ಹಾಳು. ನಾವು ಸೌಂಡ್‌ನವರು ಆಫ್ ಮಾಡಿದ ಕೂಡಲೇ ನಮ್ಮ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೇ ಇಡುತ್ತೇವೆ. ಮನೆಗೆ ಹೊರಡುವಾಗ ಕೀಲಿಗಾಗಿ ಬಾಗಿಲು ತೆಗೆಯಲೇಬೇಕು, ಆಗ ಸ್ವಿಚ್ ನೆನಪಾಗುತ್ತದೆ.